ಹಿನ್ನೆಲೆ ಕೆಲಸ: ಶುರು ಮಾಡಲು ಒಂದು ಸಾಲು, ನಿಲ್ಲಿಸಲು ನೂರು ಯೋಚನೆ

ಪ್ರಶ್ನೆ: ಸಿ ಶಾರ್ಪ್ ಭಾಷೆ ಮತ್ತು ವಿನ್‌ಫಾರ್ಮ್ಸ್ (ವಿಂಡೋ, ಬಟನ್ ಮುಂತಾದವನ್ನು ಕಟ್ಟಲು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯಲ್ಲಿರುವ ಸಾಧನ) ಬಳಸಿ ಒಂದು ಡೆಸ್ಕ್‌ಟಾಪ್ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಬಟನ್ ಒತ್ತಿದರೆ ಸುಮಾರು 4 ಲಕ್ಷ ಸಾಲುಗಳ ಸಿಎಸ್‌ವಿ ಫೈಲ್ ಓದಿ, ತಪ್ಪು ಸಾಲುಗಳನ್ನು ಬೇರ್ಪಡಿಸಿ, ಉಳಿದದ್ದನ್ನು ಡೇಟಾಬೇಸ್‌ಗೆ ಸೇರಿಸಿ ಗ್ರಿಡ್‌ನಲ್ಲಿ ತೋರಿಸಬೇಕು. ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ವಿಂಡೋ ಬಿಳುಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತದೆ. ಆ ಕೆಲಸವನ್ನು ಹೊಸ ಥ್ರೆಡ್‌ಗೆ (ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಕೆಲಸದ ಎಳೆ) ಹಾಕಿದೆ. ಲೇಬಲ್ ಬದಲಾಯಿಸುವ ಸಾಲಿನಲ್ಲಿ ಎಕ್ಸೆಪ್ಶನ್ (ಓಡುವಾಗ ಬರುವ ದೋಷದ ಸೂಚನೆ) ಬಂತು. ವಿಚಿತ್ರವೆಂದರೆ ಅದೇ ಪ್ರೋಗ್ರಾಮ್ ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ಎಕ್ಸೆಪ್ಶನ್ ಇಲ್ಲದೆ ಓಡುತ್ತದೆ. ಒಬ್ಬರು ಲೂಪ್ ಒಳಗೆ ಡೂಈವೆಂಟ್ಸ್ ಹಾಕಿ ಎಂದರು, ಇನ್ನೊಬ್ಬರು ಬ್ಯಾಕ್‌ಗ್ರೌಂಡ್‌ವರ್ಕರ್ ಎಂದರು, ಮತ್ತೊಬ್ಬರು ಅಸಿಂಕ್–ಅವೇಟ್ ಎಂದರು. ಯಾವುದು ಸರಿ? ನಡುವೆ ನಿಲ್ಲಿಸುವ ಬಟನ್ ಕೂಡ ಇರಬೇಕು.

ಉತ್ತರ: ಯಾವುದು ಸರಿ ಎಂಬುದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಅಸಿಂಕ್–ಅವೇಟ್, ಜೊತೆಗೆ ಟಾಸ್ಕ್.ರನ್. ಟಾಸ್ಕ್.ರನ್ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ ಕಳಿಸುತ್ತದೆ, ಅವೇಟ್ ವಿಂಡೋವನ್ನು ತಡೆಯದೆ ಅದು ಮುಗಿಯುವುದನ್ನು ಕಾಯುತ್ತದೆ. ಆದರೆ ನೀವು ಕೊನೆಯಲ್ಲಿ ಹೀಗೇ ಸೇರಿಸಿದ ಆ ಒಂದು ವಾಕ್ಯ, ‘ನಡುವೆ ನಿಲ್ಲಿಸುವ ಬಟನ್ ಕೂಡ ಇರಬೇಕು’ ಎಂಬುದು, ನನ್ನ ಮಟ್ಟಿಗೆ ಮೊದಲನೆಯ ಪ್ರಶ್ನೆ. ಕೆಲಸವೊಂದನ್ನು ಹಿನ್ನೆಲೆಗೆ ಕಳಿಸಲು ಒಂದು ಸಾಲು ಕೋಡ್ ಸಾಕು. ಅದು ಹೇಗೆ ಮುಗಿಯುತ್ತದೆ, ಹೇಗೆ ಕೆಡುತ್ತದೆ, ಯಾರಾದರೂ ನಿಲ್ಲಿಸಿದರೆ ಏನು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸಲು ದಿನಗಳೇ ಬೇಕಾಗಬಹುದು. ಆ ತೀರ್ಮಾನ ಮೊದಲು ಆದರೆ ಕೋಡಿನ ಆಕಾರ ತಾನಾಗಿ ಬರುತ್ತದೆ. ಕೊನೆಗೆ ಬಿಟ್ಟರೆ ಇಡೀ ಕೋಡನ್ನು ಮತ್ತೆ ಬರೆಯಬೇಕಾಗುತ್ತದೆ.

ವಿಂಡೋ ಬಿಳುಚಿಕೊಳ್ಳುವುದೇಕೆ ಎಂಬಲ್ಲಿಂದ ಶುರು ಮಾಡೋಣ. ನಿಮ್ಮ ಪ್ರೋಗ್ರಾಮಿನ ವಿಂಡೋಗಳನ್ನೆಲ್ಲ ನೋಡಿಕೊಳ್ಳುವುದು ಒಂದೇ ಥ್ರೆಡ್. ಯುಐ ಥ್ರೆಡ್ ಎನ್ನುತ್ತೇವೆ. ಅದು ಮಾಡುವುದು ಒಂದೇ ಕೆಲಸ: ಸರದಿಯಲ್ಲಿ ಬಂದ ಸಂದೇಶವನ್ನು ಎತ್ತಿಕೊಳ್ಳುತ್ತದೆ, ಅದಕ್ಕೆ ಸಂಬಂಧಿಸಿದ ಕೋಡನ್ನು ಓಡಿಸುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಮೌಸ್ ಕ್ಲಿಕ್ ಒಂದು ಸಂದೇಶ, ಕೀ ಒತ್ತಿದ್ದು ಒಂದು ಸಂದೇಶ, ‘ಈ ಭಾಗವನ್ನು ಮತ್ತೆ ಬಿಡಿಸು’ ಎಂಬುದೂ ಒಂದು ಸಂದೇಶ. ನಿಮ್ಮ ಬಟನ್‌ನ ಕ್ಲಿಕ್ ಹ್ಯಾಂಡ್ಲರ್ (ಒತ್ತಿದಾಗ ಓಡುವ ಕೋಡ್) ಕೂಡ ಇದೇ ಸರದಿಯಲ್ಲಿ ಓಡುವ ಒಂದು ತುಣುಕು. ಅದು 4 ಲಕ್ಷ ಸಾಲು ಓದಿ ಮುಗಿಸುವವರೆಗೆ ಹಿಂದಿರುವವರೆಲ್ಲ ಕಾಯಬೇಕು. ಒಂದು ಪ್ರೋಗ್ರಾಮ್ ಹೀಗೆ 5 ಸೆಕೆಂಡು ಸರದಿಯತ್ತ ತಲೆಯೆತ್ತಿ ನೋಡದಿದ್ದರೆ ವಿಂಡೋಸ್ ಅದನ್ನು ಸ್ಪಂದಿಸದ ಪ್ರೋಗ್ರಾಮ್ ಎಂದು ಲೆಕ್ಕ ಹಾಕಿ, ನಿಮ್ಮ ವಿಂಡೋದ ಜಾಗದಲ್ಲಿ ಅದರದೇ ಒಂದು ಮಸುಕು ಪ್ರತಿಯನ್ನು ತಂದು ನಿಲ್ಲಿಸುತ್ತದೆ. ನಿಮಗೆ ಕಾಣುತ್ತಿರುವುದು ಆ ಪ್ರತಿ.

5 ಸೆಕೆಂಡು ವಿಂಡೋಸ್‌ನ ತಾಳ್ಮೆ, ಮನುಷ್ಯರದ್ದಲ್ಲ. ಬಳಕೆ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಬರೆದಿಟ್ಟ ಮೂರು ಮಿತಿಗಳನ್ನು ನಾನು ಈಗಲೂ ನೆಚ್ಚುತ್ತೇನೆ: 0.1 ಸೆಕೆಂಡಿನೊಳಗೆ ಆದರೆ ತಕ್ಷಣ ಆಯಿತು ಅನ್ನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯುವುದಿಲ್ಲ, 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹೋಗುತ್ತದೆ. ಆದ್ದರಿಂದ ಹತ್ತನೇ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಹುದಾದ ಯಾವುದನ್ನೂ ಕ್ಲಿಕ್ ಹ್ಯಾಂಡ್ಲರ್‌ನಲ್ಲಿ ನೇರವಾಗಿ ಮಾಡಬೇಡಿ. ‘ಬಹುದಾದ’ ಎಂಬ ಪದಕ್ಕೆ ಒತ್ತು ಕೊಡುತ್ತಿದ್ದೇನೆ. ನಿಮ್ಮ ಡಿಸ್ಕಿನಲ್ಲಿ ಕ್ಷಣಾರ್ಧದಲ್ಲಿ ತೆರೆಯುವ ಫೈಲ್, ನೆಟ್‌ವರ್ಕ್ ಡ್ರೈವಿನಲ್ಲಿದ್ದರೆ ಮತ್ತು ಆ ಸರ್ವರ್ ನಿದ್ದೆಯಲ್ಲಿದ್ದರೆ, ಅರ್ಧ ನಿಮಿಷ ತೆಗೆದುಕೊಳ್ಳಬಲ್ಲದು.

ಡೂಈವೆಂಟ್ಸ್ ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಹಳೆಯ ವಿಶುವಲ್ ಬೇಸಿಕ್ ಕಾಲದಿಂದ ಬಂದ ಈ ಅಭ್ಯಾಸ ನೋಡಲು ಸುಲಭ: ಲೂಪ್ ನಡುವೆ ಅದನ್ನು ಕರೆದರೆ ಸರದಿಯಲ್ಲಿದ್ದ ಸಂದೇಶಗಳೆಲ್ಲ ಒಮ್ಮೆ ಖಾಲಿಯಾಗುತ್ತವೆ, ವಿಂಡೋ ಬದುಕಿದಂತೆ ಕಾಣುತ್ತದೆ. ಆದರೆ ಆ ಸರದಿಯಲ್ಲಿ ಬಳಕೆದಾರರು ಅದೇ ಬಟನ್ ಮೇಲೆ ಮಾಡಿದ ಎರಡನೇ ಕ್ಲಿಕ್ ಕೂಡ ಇರಬಹುದು. ಆಗ ಮೊದಲ ಓದು ಅರ್ಧದಲ್ಲಿ ನಿಂತು, ಅದರ ಹೊಟ್ಟೆಯೊಳಗೇ ಎರಡನೇ ಓದು ಶುರುವಾಗುತ್ತದೆ. ಎರಡನೆಯದು ಮುಗಿದ ಮೇಲಷ್ಟೇ ಮೊದಲನೆಯದು ಮುಂದುವರಿಯುತ್ತದೆ. ಅಷ್ಟರಲ್ಲಿ ಪಟ್ಟಿಗಳು, ಎಣಿಕೆಗಳು ಎಲ್ಲ ಬದಲಾಗಿರುತ್ತವೆ. ವಿಂಡೋ ಮುಚ್ಚುವ ಕ್ಲಿಕ್ ಇದ್ದರಂತೂ ಇಲ್ಲದ ಫಾರ್ಮ್ (ವಿಂಡೋ) ಮೇಲೆ ನಿಮ್ಮ ಲೂಪ್ ಓಡುತ್ತಿರುತ್ತದೆ. ಇಂಥ ದೋಷಗಳು ಬರೆದವರ ಕೈಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಅವಸರದಲ್ಲಿರುವ ಬಳಕೆದಾರರ ಕೈಯಲ್ಲಿ ಮಾತ್ರ ಕಾಣಿಸುತ್ತವೆ.

ಇನ್ನು ಸಹೋದ್ಯೋಗಿಯ ಕಂಪ್ಯೂಟರಿನ ವಿಚಿತ್ರ. ನಿಯಮ ಒಂದೇ: ಒಂದು ಕಂಟ್ರೋಲನ್ನು (ಬಟನ್, ಲೇಬಲ್, ಗ್ರಿಡ್‌ನಂಥದ್ದು) ಯಾವ ಥ್ರೆಡ್ ಸೃಷ್ಟಿಸಿತೋ ಆ ಥ್ರೆಡ್ ಮಾತ್ರ ಅದನ್ನು ಮುಟ್ಟಬೇಕು. ಆದರೆ ವಿನ್‌ಫಾರ್ಮ್ಸ್ ಈ ನಿಯಮವನ್ನು ತನಿಖೆ ಮಾಡುವುದು ಮಾಮೂಲಿಯಾಗಿ ಡೀಬಗ್ಗರ್ (ದೋಷ ಹುಡುಕುವ ಸಾಧನ) ಜೋಡಿಸಿದ್ದಾಗ ಮಾತ್ರ. ನೀವು ವಿಶುವಲ್ ಸ್ಟುಡಿಯೋ ಒಳಗಿಂದ ಓಡಿಸಿದ್ದರಿಂದ ಎಕ್ಸೆಪ್ಶನ್ ಬಂತು. ಅವರು ಸಿದ್ಧ ಪ್ರೋಗ್ರಾಮನ್ನು ನೇರವಾಗಿ ತೆರೆದಿದ್ದಾರೆ, ತನಿಖೆ ನಡೆಯಲಿಲ್ಲ. ತಪ್ಪು ಅಲ್ಲಿಯೂ ಇದೆ, ಹೇಳುವವರಿಲ್ಲ ಅಷ್ಟೇ. ಕೆಲವೊಮ್ಮೆ ಸರಿಯಾಗಿ ನಡೆಯುತ್ತದೆ, ಕೆಲವೊಮ್ಮೆ ಗ್ರಿಡ್ ಅರ್ಧ ಬಿಡಿಸಿಕೊಂಡು ನಿಲ್ಲುತ್ತದೆ, ಕೆಲವೊಮ್ಮೆ ಇಡೀ ಪ್ರೋಗ್ರಾಮ್ ಸೆಟೆದುಕೊಳ್ಳುತ್ತದೆ. ಆ ತನಿಖೆಯನ್ನು ಆರಿಸುವ ಒಂದು ಸ್ವಿಚ್ ಇದೆ, ‘ಎಕ್ಸೆಪ್ಶನ್ ಹೋಗುತ್ತದೆ’ ಎಂದು ಯಾರಾದರೂ ನಿಮಗೆ ಅದನ್ನು ತೋರಿಸಿಯಾರು. ಮುಟ್ಟಬೇಡಿ. ವಿನ್‌ಫಾರ್ಮ್ಸ್‌ನ ನಂತರ ಬಂದ ಡಬ್ಲ್ಯುಪಿಎಫ್ ಈ ವಿಷಯದಲ್ಲಿ ಕಟ್ಟುನಿಟ್ಟು. ಡೀಬಗ್ಗರ್ ಇರಲಿ ಬಿಡಲಿ ಎಕ್ಸೆಪ್ಶನ್ ಎಸೆಯುತ್ತದೆ. ಅದೇ ಒಳ್ಳೆಯದು ಎನ್ನುವವನು ನಾನು.

ನಿಮಗೆ ಸಿಕ್ಕ ಸಲಹೆಗಳು ಬೇರೆ ಬೇರೆ ಕಾಲದವು, ಅದಕ್ಕೇ ಗೊಂದಲ. ಬ್ಯಾಕ್‌ಗ್ರೌಂಡ್‌ವರ್ಕರ್ 2005ರ ಡಾಟ್‌ನೆಟ್ 2.0 ಜೊತೆ ಬಂತು. ಟಾಸ್ಕ್ 2010ರಲ್ಲಿ ಡಾಟ್‌ನೆಟ್ 4 ಜೊತೆ. ಅಸಿಂಕ್–ಅವೇಟ್ 2012ರಲ್ಲಿ ಸಿ ಶಾರ್ಪ್ 5 ಜೊತೆ. ಬ್ಯಾಕ್‌ಗ್ರೌಂಡ್‌ವರ್ಕರ್ ಕೆಟ್ಟದ್ದಲ್ಲ. ಹಳೆಯ ಕೋಡಿನಲ್ಲಿ ಅದು ಸರಿಯಾಗಿ ಓಡುತ್ತಿದ್ದರೆ ಕಿತ್ತೆಸೆಯುವ ಅಗತ್ಯವಿಲ್ಲ. ಹೊಸದಾಗಿ ಬರೆಯುವಾಗ ಮಾತ್ರ ಅದರ ತೊಡಕು ಕಾಣುತ್ತದೆ: ಕೆಲಸ ಒಂದು ಈವೆಂಟ್‌ನಲ್ಲಿ, ಪ್ರಗತಿ ಇನ್ನೊಂದರಲ್ಲಿ, ಮುಕ್ತಾಯ ಮೂರನೆಯದರಲ್ಲಿ. ಓದಿ ಮುಗಿದ ಮೇಲೆ ಸೇರಿಸಬೇಕು, ಸೇರಿಸಿದ ಮೇಲೆ ತೋರಿಸಬೇಕು ಎಂಬಂಥ ಸರಣಿ ಕೆಲಸವಿದ್ದರೆ ಕಥೆ ಚೂರುಚೂರಾಗುತ್ತದೆ. ಅವೇಟ್‌ನಲ್ಲಿ ಅದೇ ಕಥೆ ಮೇಲಿಂದ ಕೆಳಗೆ ನೇರವಾಗಿ ಓದಿಸಿಕೊಂಡು ಹೋಗುತ್ತದೆ.

ಈಗ ನಿಮ್ಮ ಕೋಡನ್ನು ಹೇಗೆ ಒಡೆಯಬೇಕು ಎಂಬುದು. ಫೈಲ್ ಓದಿ ಪರಿಶೀಲಿಸುವ ಭಾಗವನ್ನು ಒಂದು ಪ್ರತ್ಯೇಕ ಕ್ಲಾಸ್‌ಗೆ ತನ್ನಿ. ಆ ಕ್ಲಾಸ್‌ಗೆ ಫಾರ್ಮ್ ಎಂಬುದೊಂದು ಇದೆ ಎಂದೇ ಗೊತ್ತಿರಬಾರದು. ಅದಕ್ಕೆ ಕೊಡುವುದು ಮೂರು: ಫೈಲಿನ ಹೆಸರು, ಪ್ರಗತಿ ತಿಳಿಸಲು ಐಪ್ರೋಗ್ರೆಸ್, ನಿಲ್ಲಿಸಲು ಕ್ಯಾನ್ಸಲೇಶನ್‌ಟೋಕನ್. ಅದು ಹಿಂತಿರುಗಿಸುವುದು ಒಂದು: ಸರಿಯಾದ ಸಾಲುಗಳು ಮತ್ತು ತಪ್ಪು ಸಾಲುಗಳಿರುವ ಒಂದು ಆಬ್ಜೆಕ್ಟ್. ಕ್ಲಿಕ್ ಹ್ಯಾಂಡ್ಲರ್ ಅಸಿಂಕ್ ಆಗಿರಲಿ. ಅದರಲ್ಲಿ ಮೊದಲು ಬಟನ್ ನಿಷ್ಕ್ರಿಯ ಮಾಡಿ, ಟೆಕ್ಸ್ಟ್‌ಬಾಕ್ಸ್‌ನಿಂದ ಬೇಕಾದ ಮೌಲ್ಯಗಳನ್ನು ಲೋಕಲ್ ವೇರಿಯೇಬಲ್‌ಗೆ ತೆಗೆದುಕೊಳ್ಳಿ, ಆಮೇಲೆ ಟಾಸ್ಕ್.ರನ್ ಮೂಲಕ ಆ ಕ್ಲಾಸನ್ನು ಕರೆದು ಅವೇಟ್ ಮಾಡಿ. ಅವೇಟ್ ಮುಗಿದ ನಂತರದ ಸಾಲು ತಾನಾಗಿ ಯುಐ ಥ್ರೆಡ್‌ಗೆ ಮರಳಿರುತ್ತದೆ. ಅಲ್ಲಿ ಲೇಬಲ್, ಗ್ರಿಡ್ ಏನನ್ನು ಬೇಕಾದರೂ ಧೈರ್ಯವಾಗಿ ಮುಟ್ಟಬಹುದು. ಬಟನ್ ಮತ್ತೆ ಸಕ್ರಿಯ ಮಾಡುವುದು ತಪ್ಪಾದರೂ ಓಡುವ ಫೈನಲಿ ಬ್ಲಾಕ್‌ನಲ್ಲೇ ಇರಲಿ, ಇಲ್ಲದಿದ್ದರೆ ಮೊದಲ ತಪ್ಪಿಗೇ ಆ ಬಟನ್ ಶಾಶ್ವತವಾಗಿ ಬೂದುಬಣ್ಣಕ್ಕೆ ತಿರುಗುತ್ತದೆ.

ಹೀಗೆ ಒಡೆದಾಗ, ಎರಡು ಥ್ರೆಡ್‌ಗಳು ಒಂದೇ ಡೇಟಾವನ್ನು ಒಟ್ಟಿಗೆ ಮುಟ್ಟದಂತೆ ಲಾಕ್ ಹಾಕುವ ಪ್ರಮೇಯವೇ ಬರುವುದಿಲ್ಲ ಎಂಬುದನ್ನು ಗಮನಿಸಿ. ಹಿನ್ನೆಲೆ ಕೆಲಸ ತನ್ನದೇ ಪಟ್ಟಿಯನ್ನು ತುಂಬುತ್ತದೆ. ಮುಗಿದ ಮೇಲೆ ಇಡೀ ಪಟ್ಟಿಯನ್ನು ಕೈದಾಟಿಸಿ ಮರೆತುಬಿಡುತ್ತದೆ. ಒಂದು ಹೊತ್ತಿನಲ್ಲಿ ಒಬ್ಬರೇ ಒಡೆಯರು. ಡೇಟಾಬೇಸ್ ಕನೆಕ್ಷನ್‌ಗೂ ಇದೇ ನ್ಯಾಯ: ಫಾರ್ಮ್ ತೆರೆದಾಗ ಮಾಡಿಟ್ಟ ಕನೆಕ್ಷನನ್ನು ಹಿನ್ನೆಲೆಗೆ ಕಳಿಸಬೇಡಿ, ಕೆಲಸದೊಳಗೇ ಹೊಸದನ್ನು ತೆರೆದು ಅಲ್ಲೇ ಮುಚ್ಚಿ.

ಪ್ರಗತಿ ತೋರಿಸುವ ಭಾಗದಲ್ಲಿ ಹೆಚ್ಚಿನವರು ಎಡವುತ್ತಾರೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ರೋಗ್ರೆಸ್ ಆಬ್ಜೆಕ್ಟನ್ನು ಯುಐ ಥ್ರೆಡ್‌ನಲ್ಲೇ, ಅಂದರೆ ಟಾಸ್ಕ್.ರನ್‌ಗೆ ಮುಂಚೆ, ಸೃಷ್ಟಿಸಬೇಕು. ತಾನು ಹುಟ್ಟಿದ ಜಾಗವನ್ನು ಅದು ನೆನಪಿಟ್ಟುಕೊಂಡು ವರದಿಗಳನ್ನು ಅಲ್ಲಿಗೇ ತಲುಪಿಸುತ್ತದೆ. ಹಿನ್ನೆಲೆ ಥ್ರೆಡ್‌ನೊಳಗೆ ಸೃಷ್ಟಿಸಿದರೆ ವರದಿ ಯುಐ ಥ್ರೆಡ್‌ಗೆ ಬರುವುದೇ ಇಲ್ಲ. ಇದು ಮೊದಲ ಎಡವಟ್ಟು. ಎರಡನೆಯದು ಇನ್ನೂ ಸೂಕ್ಷ್ಮ: ಪ್ರತಿ ಸಾಲಿಗೂ ಒಂದು ವರದಿ ಕಳಿಸಿದರೆ 4 ಲಕ್ಷ ಸಂದೇಶಗಳು ಯುಐ ಥ್ರೆಡ್‌ನ ಸರದಿಗೆ ಬಂದು ಬೀಳುತ್ತವೆ. ವಿಂಡೋಸ್‌ನಲ್ಲಿ ಹೀಗೆ ಪೋಸ್ಟ್ ಆದ ಸಂದೇಶಗಳಿಗೆ ಮೌಸ್, ಕೀಬೋರ್ಡಿಗಿಂತ ಮುಂಚಿನ ಸರದಿ. ಚಿತ್ರ ಬಿಡಿಸುವ ಸಂದೇಶಕ್ಕಂತೂ ಬೇರೆಲ್ಲ ಮುಗಿದ ಮೇಲೆಯೇ ಅವಕಾಶ. ಫಲ ಏನೆಂದರೆ, ಕೆಲಸ ಹಿನ್ನೆಲೆಯಲ್ಲಿದ್ದರೂ ವಿಂಡೋ ಮೊದಲಿನಂತೆಯೇ ಸೆಟೆದು ನಿಲ್ಲುತ್ತದೆ, ‘ನಿಲ್ಲಿಸು’ ಬಟನ್ ಒತ್ತಿದ್ದೂ ಗಮನಕ್ಕೆ ಬರುವುದಿಲ್ಲ. ಹಿನ್ನೆಲೆಗೆ ಹಾಕಿದರೂ ಪ್ರಯೋಜನವಾಗಲಿಲ್ಲ ಎಂದು ಬಂದವರ ಕೋಡಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಒಂದು ಸ್ಟಾಪ್‌ವಾಚ್ ಇಟ್ಟುಕೊಂಡು 100 ಮಿಲಿಸೆಕೆಂಡಿಗೆ ಒಮ್ಮೆ ವರದಿ ಮಾಡಿ. ಕಣ್ಣಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಹಾಗೆಯೇ ಹಳೆಯ ಕೋಡಿನಲ್ಲಿ ಯುಐ ಥ್ರೆಡ್‌ಗೆ ಕೆಲಸ ಒಪ್ಪಿಸುವ ಇನ್ವೋಕ್ ಕಂಡರೆ ಎಚ್ಚರ: ಯುಐ ಥ್ರೆಡ್ ಆ ಕೆಲಸ ಮಾಡಿ ಮುಗಿಸುವವರೆಗೆ ಅದು ಹಿನ್ನೆಲೆ ಥ್ರೆಡ್ಡನ್ನು ಕಾಯಿಸುತ್ತದೆ. ಬಿಗಿನ್‌ಇನ್ವೋಕ್ ಕಾಯಿಸುವುದಿಲ್ಲ.

ಮೂರನೆಯದು ಗ್ರಿಡ್. ಓದುವುದನ್ನೆಲ್ಲ ಅಚ್ಚುಕಟ್ಟಾಗಿ ಹಿನ್ನೆಲೆಗೆ ಕಳಿಸಿ, ಕೊನೆಗೆ 4 ಲಕ್ಷ ಸಾಲುಗಳನ್ನು ಒಂದೊಂದಾಗಿ ಗ್ರಿಡ್‌ಗೆ ಸೇರಿಸಿದರೆ ವಿಂಡೋ ಮತ್ತೆ ಬಿಳುಚಿಕೊಳ್ಳುತ್ತದೆ, ಯಾಕೆಂದರೆ ಆ ಸೇರಿಸುವ ಕೆಲಸ ಯುಐ ಥ್ರೆಡ್‌ನಲ್ಲೇ ಆಗಬೇಕು, ಬೇರೆ ದಾರಿಯಿಲ್ಲ. ಡೇಟಾಗ್ರಿಡ್‌ವ್ಯೂನ ವರ್ಚುವಲ್ ಮೋಡ್ ಬಳಸಿ. ಒಟ್ಟು ಎಷ್ಟು ಸಾಲು ಎಂದು ಮಾತ್ರ ಗ್ರಿಡ್‌ಗೆ ಹೇಳುತ್ತೀರಿ. ಪರದೆಯ ಮೇಲೆ ಕಾಣುವ ಮೂವತ್ತೋ ನಲವತ್ತೋ ಸಾಲುಗಳ ಮೌಲ್ಯವನ್ನು ಅದು ಬೇಕಾದಾಗ ಕೇಳಿ ಪಡೆಯುತ್ತದೆ. ಗ್ರಿಡ್‌ಗೆ ಬೈಂಡ್ ಮಾಡಿದ, ಅಂದರೆ ನೇರವಾಗಿ ಜೋಡಿಸಿಟ್ಟ, ಪಟ್ಟಿಗೆ ಹಿನ್ನೆಲೆಯಿಂದ ಸಾಲು ಸೇರಿಸುವ ಯೋಚನೆ ಬಂದರೆ ಬಿಟ್ಟುಬಿಡಿ. ಪಟ್ಟಿ ಬದಲಾಯಿತೆಂಬ ಸೂಚನೆ ಹಿನ್ನೆಲೆ ಥ್ರೆಡ್‌ನಲ್ಲೇ ಹೊರಟು ಗ್ರಿಡ್ಡನ್ನು ಮುಟ್ಟುತ್ತದೆ, ನೀವು ಮೊದಲಿದ್ದಲ್ಲಿಗೇ ಬಂದಿರಿ.

ನಿಲ್ಲಿಸುವ ಬಟನ್ನಿಗೆ ಬರೋಣ. ಒಂದು ಥ್ರೆಡ್ಡನ್ನು ಹೊರಗಿನಿಂದ ಕುತ್ತಿಗೆ ಹಿಡಿದು ನಿಲ್ಲಿಸುವ ಉಪಾಯ ಹಿಂದೆ ಇತ್ತು, ಥ್ರೆಡ್.ಅಬಾರ್ಟ್. ಡಾಟ್‌ನೆಟ್ 5ರಿಂದ ಈಚೆಗೆ ಅದನ್ನು ಕರೆದರೆ ಬೆಂಬಲವಿಲ್ಲ ಎಂಬ ಎಕ್ಸೆಪ್ಶನ್ ಬರುತ್ತದೆ. ಜಾವಾ ಕೂಡ ಇಂಥದ್ದೇ ಥ್ರೆಡ್.ಸ್ಟಾಪ್ ಅನ್ನು 1998ರಲ್ಲೇ ಬಳಸಬೇಡಿ ಎಂದು ಗುರುತಿಸಿ, ಜಾವಾ 20ರಲ್ಲಿ ಅದನ್ನು ಕರೆದರೆ ಎಕ್ಸೆಪ್ಶನ್ ಬರುವಂತೆ ಮಾಡಿತು. ಕಾರಣ ಎರಡೂ ಕಡೆ ಒಂದೇ: ಯಾವ ಸಾಲಿನಲ್ಲಿ ಕತ್ತರಿ ಬೀಳುತ್ತದೋ ಯಾರಿಗೂ ಗೊತ್ತಿಲ್ಲ, ಅರ್ಧ ಬದಲಾದ ಡೇಟಾ ಹಾಗೇ ಉಳಿದುಬಿಡುತ್ತದೆ. ಈಗಿನ ದಾರಿ ಕೇಳಿಕೊಳ್ಳುವುದು. ಬಟನ್ ಒತ್ತಿದಾಗ ಕ್ಯಾನ್ಸಲೇಶನ್‌ಟೋಕನ್‌ಸೋರ್ಸ್‌ನ ಕ್ಯಾನ್ಸಲ್ ಕರೆಯುತ್ತೀರಿ. ಕೆಲಸ ಮಾಡುತ್ತಿರುವ ಲೂಪ್ ಪ್ರತಿ ಸುತ್ತಿನಲ್ಲೂ ಟೋಕನ್ ನೋಡಿ, ನಿಲ್ಲಬೇಕೆಂದಿದ್ದರೆ ತಾನೇ ಹೊರಬರುತ್ತದೆ. ಪ್ರತಿ ಸಾಲಿಗೂ ನೋಡಿದರೆ ನಿಧಾನವಾದೀತೇ ಎಂಬ ಚಿಂತೆ ಬೇಡ, ಆ ತಪಾಸಣೆ ತೀರಾ ಅಗ್ಗ. ಟಾಸ್ಕ್.ರನ್‌ಗೆ ಟೋಕನ್ ಕೊಟ್ಟ ಮಾತ್ರಕ್ಕೆ ಕೆಲಸ ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಅಲ್ಲಿ ಕೊಟ್ಟದ್ದು, ಕೆಲಸ ಶುರುವಾಗುವ ಮೊದಲೇ ರದ್ದಾಗಿದ್ದರೆ ಶುರು ಮಾಡಬೇಡ ಎಂದಷ್ಟೇ ಹೇಳುತ್ತದೆ. ಓಡುತ್ತಿರುವ ಲೂಪ್ ಒಳಗೆ ನೋಡುವವರು ನೀವೇ.

ನಿಂತ ಮೇಲೆ ಏನು? ಎರಡು ಲಕ್ಷ ಸಾಲು ಡೇಟಾಬೇಸ್‌ಗೆ ಹೋಗಿದೆ, ಬಳಕೆದಾರರು ನಿಲ್ಲಿಸಿದರು. ಹೋದದ್ದು ಉಳಿಯಬೇಕೋ ಅಳಿಯಬೇಕೋ? ಇದು ಥ್ರೆಡ್‌ನ ಪ್ರಶ್ನೆಯಲ್ಲ, ನಿಮ್ಮ ಪ್ರೋಗ್ರಾಮನ್ನು ಬಳಸುವವರ ಕೆಲಸದ ಪ್ರಶ್ನೆ. ಅವರನ್ನು ಕೇಳಿ ತಿಳಿದುಕೊಳ್ಳಿ. ನನ್ನ ಒಲವು ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಟ್ಟು, ರದ್ದಾದರೆ ಎಲ್ಲವನ್ನೂ ಹಿಂತೆಗೆಯುವ ಕಡೆಗೆ. ‘ಏನೂ ಆಗಲಿಲ್ಲ’ ಎಂಬ ಉತ್ತರ ಯಾರಿಗೂ ಅರ್ಥವಾಗುತ್ತದೆ. ಇದರಿಂದ ವೇಗವೂ ಸಿಗುತ್ತದೆ, ಯಾಕೆಂದರೆ ಪ್ರತಿ ಸಾಲಿಗೂ ಪ್ರತ್ಯೇಕ ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು) ಮಾಡಿದರೆ ಎಸ್‌ಕ್ಯೂಲೈಟ್‌ನಂಥ ಡೇಟಾಬೇಸ್ ಪ್ರತಿ ಬಾರಿಯೂ ಡಿಸ್ಕಿಗೆ ಬರೆದದ್ದು ತಲುಪಿತೇ ಎಂದು ಕಾಯುತ್ತದೆ.

ವಿಂಡೋ ಮುಚ್ಚುವುದನ್ನು ನೀವು ಕೇಳಿಲ್ಲ, ಆದರೆ ಬಳಕೆದಾರರು ‘ನಿಲ್ಲಿಸು’ ಬಟನ್‌ಗಿಂತ ಮೊದಲು ಕೈಹಾಕುವುದು ಮೇಲಿನ ಮೂಲೆಯ ಗುಣಿಸು ಗುರುತಿಗೆ. ಟಾಸ್ಕ್.ರನ್ ಬಳಸುವ ಥ್ರೆಡ್‌ಗಳು ಪ್ರೋಗ್ರಾಮ್ ಮುಗಿದ ಕೂಡಲೇ ಕೇಳದೆ ಸಾಯುತ್ತವೆ, ಫೈಲ್ ಬರೆಯುತ್ತಿದ್ದರೂ ಸರಿ. ನೀವೇ ಸೃಷ್ಟಿಸಿದ ಥ್ರೆಡ್ ಇದಕ್ಕೆ ವಿರುದ್ಧ: ಅದನ್ನು ಬ್ಯಾಕ್‌ಗ್ರೌಂಡ್ ಎಂದು ಗುರುತಿಸದಿದ್ದರೆ ವಿಂಡೋ ಹೋದರೂ ಪ್ರೋಗ್ರಾಮ್ ಪರದೆಯ ಮೇಲೆ ಕಾಣದಂತೆ ಬದುಕಿರುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಮಾತ್ರ ಕಾಣುತ್ತದೆ. ವರ್ಷಗಳ ಹಿಂದೆ ನಾನು ಬರೆದ ಪ್ರೋಗ್ರಾಮೊಂದು ವರದಿಯ ಫೈಲನ್ನು ಬರೆಯುತ್ತಿದ್ದಾಗ ಯಾರೋ ವಿಂಡೋ ಮುಚ್ಚಿದರು. ಅರ್ಧ ಬರೆದ ಫೈಲ್ ಹಳೆಯ, ಸರಿಯಾದ ಫೈಲಿನ ಜಾಗದಲ್ಲಿ ಕೂತಿತು. ಅದು ಪೂರ್ತಿಯಲ್ಲ ಎಂದು ಗೊತ್ತಾಗುವ ಹೊತ್ತಿಗೆ ಅದನ್ನು ನಂಬಿ ಮುಂದಿನ ಲೆಕ್ಕವೂ ಆಗಿಹೋಗಿತ್ತು. ಅಂದಿನಿಂದ ಮೊದಲು ತಾತ್ಕಾಲಿಕ ಹೆಸರಿಗೆ ಬರೆದು, ಪೂರ್ತಿಯಾದ ಮೇಲಷ್ಟೇ ಹೆಸರು ಬದಲಿಸುತ್ತೇನೆ.

ಮುಚ್ಚುವುದನ್ನು ಹೀಗೆ ನಿಭಾಯಿಸಿ: ಫಾರ್ಮ್‌ಕ್ಲೋಸಿಂಗ್ ಹ್ಯಾಂಡ್ಲರ್‌ನಲ್ಲಿ ಕೆಲಸ ನಡೆಯುತ್ತಿದೆಯೇ ನೋಡಿ, ನಡೆಯುತ್ತಿದ್ದರೆ ಮುಚ್ಚುವುದನ್ನು ತಡೆದು, ಟೋಕನ್ ರದ್ದು ಮಾಡಿ, ಕೆಲಸ ಹೊರಬರುವವರೆಗೆ ಅವೇಟ್ ಮಾಡಿ, ಆಮೇಲೆ ನೀವೇ ಕ್ಲೋಸ್ ಕರೆಯಿರಿ. ಇಲ್ಲೊಂದು ಬಲೆ ಇದೆ. ಮುಚ್ಚಬೇಡ ಎಂಬ ಗುರುತನ್ನು ಮೊದಲ ಅವೇಟ್‌ಗಿಂತ ಮುಂಚೆ ಹಾಕಬೇಕು. ಅವೇಟ್ ಎದುರಾದ ಕ್ಷಣ ಹ್ಯಾಂಡ್ಲರ್ ವಿನ್‌ಫಾರ್ಮ್ಸ್‌ಗೆ ಮರಳಿಬಿಡುತ್ತದೆ, ಅದು ಆಗಲೇ ಗುರುತನ್ನು ಓದುತ್ತದೆ. ನಂತರ ಹಾಕಿದ್ದು ವ್ಯರ್ಥ.

ತಪ್ಪುಗಳ ಬಗ್ಗೆ ಚಿಕ್ಕದಾಗಿ. ಅವೇಟ್ ಮಾಡಿದ ಕೆಲಸದಲ್ಲಿ ಎಕ್ಸೆಪ್ಶನ್ ಆದರೆ ಅದು ಅವೇಟ್ ಸಾಲಿಗೇ ಬರುತ್ತದೆ, ಮಾಮೂಲಿ ಕ್ಯಾಚ್‌ನಲ್ಲಿ ಹಿಡಿಯಬಹುದು. ರದ್ದತಿಯೂ ಒಂದು ಎಕ್ಸೆಪ್ಶನ್ ಆಗಿಯೇ ಬರುವುದರಿಂದ ಅದನ್ನು ಬೇರೆಯಾಗಿ ಹಿಡಿಯಿರಿ. ತಾವೇ ನಿಲ್ಲಿಸಿದವರಿಗೆ ‘ದೋಷ ಸಂಭವಿಸಿದೆ’ ಎಂಬ ಕೆಂಪು ಪೆಟ್ಟಿಗೆ ತೋರಿಸುವುದು ಅನ್ಯಾಯ. ಅವೇಟ್ ಮಾಡದೆ ಬಿಟ್ಟ ಟಾಸ್ಕ್‌ನ ಎಕ್ಸೆಪ್ಶನ್, ಡಾಟ್‌ನೆಟ್ 4.5ರಿಂದ ಈಚೆಗೆ, ಸದ್ದಿಲ್ಲದೆ ಮರೆಯಾಗುತ್ತದೆ. ಹಾಗಾಗಿ ಶುರು ಮಾಡಿದ ಪ್ರತಿ ಟಾಸ್ಕನ್ನೂ ಯಾರಾದರೊಬ್ಬರು ಅವೇಟ್ ಮಾಡಲೇಬೇಕು. ಟಾಸ್ಕ್ ಹಿಂತಿರುಗಿಸದ, ಆದ್ದರಿಂದ ಅವೇಟ್ ಮಾಡಲಾಗದ ಅಸಿಂಕ್ ವಾಯ್ಡ್ ಅನ್ನು ಈವೆಂಟ್ ಹ್ಯಾಂಡ್ಲರ್‌ಗಳಿಗೆ ಮಾತ್ರ ಮೀಸಲಿಡಿ, ಉಳಿದೆಡೆ ಅಸಿಂಕ್ ಟಾಸ್ಕ್.

ಅವೇಟ್ ಹಾಕಲು ಬೇಸರಪಟ್ಟು ಯುಐ ಥ್ರೆಡ್‌ನಲ್ಲಿ ಟಾಸ್ಕ್‌ನ ರಿಸಲ್ಟ್ ಅನ್ನೋ ವೇಟ್ ಅನ್ನೋ ನೇರವಾಗಿ ಕರೆಯಬೇಡಿ. ಯುಐ ಥ್ರೆಡ್ ಟಾಸ್ಕ್ ಮುಗಿಯಲೆಂದು ಕಾಯುತ್ತದೆ. ಒಳಗಿನ ಅಸಿಂಕ್ ಕೋಡ್ ತನ್ನ ಉಳಿದ ಸಾಲುಗಳನ್ನು ಓಡಿಸಲು ಯುಐ ಥ್ರೆಡ್ ಬಿಡುವಾಗಲೆಂದು ಕಾಯುತ್ತದೆ. ಇಬ್ಬರೂ ಕಾಯುತ್ತಲೇ ಇರುತ್ತಾರೆ.

ನಾಳೆ ನೀವು ಬೇರೆ ಸಾಧನಕ್ಕೆ ಹೋದರೂ ಕಲಿತದ್ದು ಕೈಬಿಡುವುದಿಲ್ಲ. ಜಾವಾ ಸ್ವಿಂಗ್‌ನಲ್ಲಿ ಸ್ವಿಂಗ್‌ವರ್ಕರ್ ಇದೆ, ಅದು ಪ್ರಗತಿ ವರದಿಗಳನ್ನು ತಾನೇ ಒಟ್ಟುಗೂಡಿಸಿ ಕಳಿಸುತ್ತದೆ. ಕ್ಯೂಟಿಯಲ್ಲಿ ಥ್ರೆಡ್‌ಗಳ ನಡುವೆ ಸಿಗ್ನಲ್ ಕಳಿಸಿದರೆ ಅದು ಸರದಿಯ ಮೂಲಕ ತಲುಪುತ್ತದೆ. ಪೈಥಾನಿನ ಟಿಕಿಂಟರ್‌ನಲ್ಲಿ ಒಂದು ಕ್ಯೂ ಇಟ್ಟು, ಆಫ್ಟರ್ ಮೂಲಕ ಆಗಾಗ ಅದನ್ನು ಇಣುಕಿ ನೋಡುತ್ತೇವೆ. ಹೆಸರು ಬೇರೆ, ವಿಂಡೋ ಮುಟ್ಟುವವರು ಒಬ್ಬರೇ ಎಂಬ ನಿಯಮ ಎಲ್ಲೆಡೆ ಅದೇ.

ಬರೆದಾದ ಮೇಲೆ ಹೀಗೆ ಪರೀಕ್ಷಿಸಿ. ಓದುವ ಲೂಪ್‌ನಲ್ಲಿ ಪ್ರತಿ ಸಾವಿರ ಸಾಲಿಗೊಮ್ಮೆ ಬೇಕೆಂದೇ ಅರ್ಧ ಸೆಕೆಂಡ್ ನಿದ್ದೆ ಹಾಕಿ. ಈಗ ವಿಂಡೋವನ್ನು ಎಳೆದಾಡಿ, ಬಟನ್ನನ್ನು ಎರಡು ಬಾರಿ ಒತ್ತಿ, ನಡುವೆ ನಿಲ್ಲಿಸಿ, ನಿಲ್ಲಿಸಿದ ತಕ್ಷಣ ಮತ್ತೆ ಶುರು ಮಾಡಿ, ಓಡುತ್ತಿರುವಾಗಲೇ ವಿಂಡೋ ಮುಚ್ಚಿ. ಫೈಲ್ ಪೆನ್‌ಡ್ರೈವಿನಲ್ಲಿಟ್ಟು ಓದುವ ನಡುವೆ ಅದನ್ನು ಕಿತ್ತು ನೋಡಿ. ಎಲ್ಲಾದರೂ ವಿಂಡೋ ಸೆಟೆದರೆ ವಿಶುವಲ್ ಸ್ಟುಡಿಯೋದಲ್ಲಿ ‘ಬ್ರೇಕ್ ಆಲ್’ ಒತ್ತಿ ಮುಖ್ಯ ಥ್ರೆಡ್‌ನ ಕಾಲ್ ಸ್ಟ್ಯಾಕ್ ತೆರೆಯಿರಿ. ಯುಐ ಥ್ರೆಡ್ ಆ ಕ್ಷಣ ಯಾವ ಸಾಲಿನಲ್ಲಿ ಸಿಕ್ಕಿಬಿದ್ದಿದೆ ಎಂಬುದು ಅಲ್ಲೇ ಕಾಣುತ್ತದೆ. ನಿಮ್ಮ ಈಗಿನ ಕೋಡಿನ ಮೇಲೂ ಇದನ್ನು ಇವತ್ತೇ ಮಾಡಿ ನೋಡಬಹುದು.